66 ಎಸೆತಗಳ ಲೆಕ್ಕ: ಚಂದ್ರಶೇಖರ್, ಕುಂಬ್ಳೆ ಮತ್ತು ನಡುವಿನ ಕಾಲ

ಗುಂಡಗುರ್ತಿಯ ಈ ಉಪನ್ಯಾಸ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಗಣಿತ ಕಲಿಸಿದವರು. ಸರಾಸರಿ ಹೇಳಿದ ಹುಡುಗನನ್ನು, ಯಾವುದರಿಂದ ಭಾಗಿಸಿದೆ ಎಂದು ಕೇಳದೆ ಕೂಡಿಸುತ್ತಿರಲಿಲ್ಲ. ಇಂದಿನ ಮಾತಿಗೂ ಅದೇ ಪ್ರಶ್ನೆ ಸಾಕು.

ಲೆಗ್ ಸ್ಪಿನ್ನರ್ ಚಂದ್ರಶೇಖರ್ ಅವರ ಪೋಲಿಯೊ ಸೊರಗಿಸಿದ ಬಲಗೈ, 1971ರ ಓವಲ್‌ನಲ್ಲಿ 38ಕ್ಕೆ 6, 1999ರ ದೆಹಲಿಯಲ್ಲಿ ಕುಂಬ್ಳೆಯವರ 74ಕ್ಕೆ 10: ಇವು ಎಲ್ಲರಿಗೂ ಬಾಯಿಪಾಠ. ಇಬ್ಬರಲ್ಲಿ ಯಾರು ಮೇಲು ಎಂಬ ಜಗಳ ಇರುವುದು ಬೇರೆ ಕಡೆ.

ಕುಂಬ್ಳೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್. ಚಂದ್ರಶೇಖರ್ 58ರಲ್ಲಿ 242. ಇಷ್ಟಕ್ಕೇ ತೀರ್ಪು ಬರೆದು ಏಳುವವರಿದ್ದಾರೆ. ಅವರು ಎಸೆತ ಎಣಿಸಿಲ್ಲ. ಕುಂಬ್ಳೆ 40,850 ಎಸೆತ, ಚಂದ್ರಶೇಖರ್ 15,963. ಭಾಗಿಸಿದರೆ ಇಬ್ಬರಿಗೂ ಹೆಚ್ಚುಕಡಿಮೆ 66 ಎಸೆತಕ್ಕೊಂದು ವಿಕೆಟ್! ಟೆಸ್ಟ್ ಒಂದಕ್ಕೆ ಕುಂಬ್ಳೆ ಸುಮಾರು 309 ಎಸೆತ ಹಾಕಿದರೆ ಚಂದ್ರಶೇಖರ್ ಹಾಕಿದ್ದು 275. ಪಂದ್ಯವೊಂದರ ಲೆಕ್ಕದಲ್ಲಿ ಕಾಣುವ ವ್ಯತ್ಯಾಸ ಹುಟ್ಟುವುದೇ ಇಲ್ಲಿ.

ಚಂದ್ರಶೇಖರ್‌ಗೆ ಚೆಂಡು ಕಡಿಮೆ ಸಿಕ್ಕಿದ್ದು ಸಹವಾಸದಿಂದ. ಸ್ಪಿನ್ನರ್‌ಗಳಾದ ಬೇಡಿ, ಪ್ರಸನ್ನ, ವೆಂಕಟರಾಘವನ್ ಕೂಡ ಸರದಿಯಲ್ಲಿದ್ದರು.

ಹಳೆಯ ಕಾಲದ ಭಕ್ತರದು ಇನ್ನೊಂದು ತಕರಾರು: ಕುಂಬ್ಳೆ ಚೆಂಡು ತಿರುಗಿಸಲಿಲ್ಲ, ಮನೆಯಂಗಳದ ಹುಲಿ. ತವರಿನ ವಿಕೆಟ್ 350, ಹೊರಗಿನವು 269, ಅದೂ ದುಬಾರಿ ಬೆಲೆಗೆ, ಇದು ನಿಜ. ಆದರೆ ಆಸ್ಟ್ರೇಲಿಯಾ ನೆಲವನ್ನೇ ನೋಡಿ. 1977–78ರಲ್ಲಿ ಚಂದ್ರಶೇಖರ್ ಐದು ಟೆಸ್ಟ್‌ಗಳಲ್ಲಿ 28, ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52ಕ್ಕೆ 6. 2003–04ರಲ್ಲಿ ಕುಂಬ್ಳೆ ಮೂರೇ ಟೆಸ್ಟ್‌ಗಳಲ್ಲಿ 24. ಹುಲಿ ಅಂಗಳ ದಾಟಿತ್ತಲ್ಲ! ಹಾಗೆಂದು 28ನ್ನು ಕೀಳೆನ್ನುವಂತಿಲ್ಲ: ಆ ಸರಣಿಯಲ್ಲಿ ಬೇಡಿ 31 ವಿಕೆಟ್ ಹಂಚಿಕೊಂಡಿದ್ದರು. ಹಂಚಿಕೊಳ್ಳುವ ಜೊತೆಗಾರರಿದ್ದಂತೆ ಬಿಟ್ಟುಕೊಡುವವರೂ ಇರುತ್ತಾರೆ: ದೆಹಲಿಯಲ್ಲಿ ಕುಂಬ್ಳೆಗೆ ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಎಸೆದರು.

ಚೆಂಡು ತಿರುಗದಿರುವುದು ಕೊರತೆ ಎನ್ನುವವರು ಈ ಸೀಮೆಯ ಫರಸಿ ಹಾಸಿದ ಅಂಗಳಕ್ಕೊಮ್ಮೆ ಬರಲಿ. ಶಹಾಬಾದ್ ಕಲ್ಲಿನ ಮೇಲೆ ತೊಯ್ದ ಟೆನಿಸ್ ಚೆಂಡು ಏಳುವುದಿಲ್ಲ, ಸರ್ರನೆ ಜಾರಿ ಮೊಣಕಾಲಿಗೆ ಬಡಿಯುತ್ತದೆ. ಬ್ಯಾಟು ಇಳಿಯುವಷ್ಟರಲ್ಲಿ ಹುಡುಗ ಔಟ್. ಕುಂಬ್ಳೆಯವರ ಬಂಡವಾಳ ಆ ವೇಗ, ಅದರ ಜೊತೆಗೆ ಪುಟಿತ.

ಬೇರೆ ಬೇರೆ ಕಾಲದವರನ್ನು ಹೋಲಿಸುವ ಈ ತಲೆನೋವು ಬೇಸ್‌ಬಾಲ್‌ನವರಿಗೂ ಇದೆ. 1890ರಿಂದ 1911ರವರೆಗೆ ಚೆಂಡೆಸೆದ ಸೈ ಯಂಗ್ 511 ಗೆಲುವು ಕಂಡರು. 749 ಪಂದ್ಯಗಳನ್ನು ಒಬ್ಬರೇ ಕೊನೆಮುಟ್ಟಿಸಿದರು. ಚೆಂಡೆಸೆಯುವ ಇಂದಿನ ಪಿಚರ್ ಐದು ದಿನಕ್ಕೊಮ್ಮೆ ಇಳಿದು ನಡುವೆಯೇ ಚೆಂಡು ಒಪ್ಪಿಸುತ್ತಾನೆ. ಹಾಗಾಗಿ ಅಲ್ಲಿನ ಲೆಕ್ಕಿಗರು ಆಟಗಾರನನ್ನು ಅವನದೇ ವರ್ಷದ ಓರಗೆಯವರ ಜೊತೆ ತೂಗುತ್ತಾರೆ.

ಹಾಗಾದರೆ ಮೇಲು ಯಾರು? ಉಪನ್ಯಾಸಕನ ಮತ ಕುಂಬ್ಳೆಗೆ. ಆದರೆ 619ಕ್ಕಾಗಿ ಅಲ್ಲ, 18 ವರ್ಷ ಆ 66ನ್ನು ಸಡಿಲಗೊಳಿಸದೆ ಹೊತ್ತದ್ದಕ್ಕೆ.

ಮೇಷ್ಟ್ರಿದ್ದಿದ್ದರೆ ಇಲ್ಲೊಂದು ಕೆಂಪು ಗೆರೆ ಎಳೆಯುತ್ತಿದ್ದರು: ಈ ಹೋಲಿಕೆಯಲ್ಲಿ ಪ್ರಸನ್ನ ಎಲ್ಲಿ? ಅವರದು 76 ಎಸೆತಕ್ಕೊಂದು ವಿಕೆಟ್, ಲೆಕ್ಕದಲ್ಲಿ ಹಿಂದೆ. ಆದರೆ ಮೊದಲ 100 ವಿಕೆಟ್‌ಗೆ ಕುಂಬ್ಳೆ 21 ಟೆಸ್ಟ್, ಚಂದ್ರಶೇಖರ್ 22, ಪ್ರಸನ್ನ 20. ಆ ಇಪ್ಪತ್ತರಲ್ಲಿ ಎರಡು 1962ರವು. ಮಿಕ್ಕ ಹದಿನೆಂಟು, ಎಂಜಿನಿಯರಿಂಗ್ ಓದು ಮುಗಿಸಿ 1967ರಲ್ಲಿ ಮರಳಿದ ಮೇಲಿನವು.