ಬ್ರಿಟನ್ನಿನ ವಿದ್ಯಾರ್ಥಿಯೂ ಅನ್ಯಭಾಷೆಯೂ

“ಬಂದವರೆಲ್ಲ ನಮ್ಮ ಭಾಷೆಯನ್ನೇ ಆಡುವಾಗ ಅವರದನ್ನು ನಾವೇಕೆ ಕಲಿಯಬೇಕು?” ಇಂಗ್ಲಿಷ್ ಮನೆಮಾತಾಗಿರುವ ಹುಡುಗನೊಬ್ಬ ಹೀಗೆ ಕೇಳಿದರೆ ನೀವು ಏನು ಹೇಳುವಿರಿ? ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳು ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಹಿಂದೆ ಪ್ರಶ್ನೆಗೇ ಎಡೆಯಿರಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಹೊಸ್ತಿಲು ದಾಟಬೇಕಾದರೆ ಗ್ರೀಕ್, ಲ್ಯಾಟಿನ್ ಎರಡೂ ಬರಬೇಕಾಗಿತ್ತು. ಗ್ರೀಕಿನ ಕಡ್ಡಾಯ ಕೇಂಬ್ರಿಜ್ಜಿನಲ್ಲಿ 1919ರಲ್ಲಿ, ಆಕ್ಸ್‌ಫರ್ಡಿನಲ್ಲಿ 1920ರಲ್ಲಿ ತೊಲಗಿತು. ಲ್ಯಾಟಿನ್ನಿನ ಕಡ್ಡಾಯವನ್ನು ಬಿಡಲು 1960ರಲ್ಲಿ ಎರಡೂ ತೀರ್ಮಾನಿಸಿದವು. ಆ ಕಾಲದ ವಿದ್ಯಾರ್ಥಿ ವರ್ಜಿಲನನ್ನು ಓದಬಲ್ಲವನಾಗಿದ್ದ, ನಿಜ. ಆದರೆ ಪ್ಯಾರಿಸ್ಸಿನ ಅಂಗಡಿಯಲ್ಲಿ ರೊಟ್ಟಿ ಕೇಳಲು ಆ ವಿದ್ಯೆ ಒದಗುತ್ತಿರಲಿಲ್ಲ.

ಅಗತ್ಯ ಬಿದ್ದರೆ ಆಡುಮಾತೂ ಬೇಗ ಬರುತ್ತದೆ. 1951ರಿಂದ 1960ರವರೆಗೆ ಸೈನ್ಯವು ಸುಮಾರು ಐದು ಸಾವಿರ ತರುಣರಿಗೆ ರಷ್ಯನ್ ಕಲಿಸಿತು. ಆಯ್ದ ಕೆಲವರು ಕೇಂಬ್ರಿಜ್, ಲಂಡನ್ ವಿಶ್ವವಿದ್ಯಾನಿಲಯಗಳಲ್ಲಿ ಕಲಿತರು. ನಾಟಕಕಾರ ಮೈಕೆಲ್ ಫ್ರೇನ್ ಅವರಲ್ಲೊಬ್ಬರು. ಮುಂದೆ ಚೆಕಾಫನ ನಾಟಕಗಳನ್ನು ಇಂಗ್ಲಿಷಿಗೆ ತಂದರು.

ಈಚಿನ ಇಳಿತಕ್ಕೆ ಬೇರು ಶಾಲೆಯಲ್ಲಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಹದಿನಾಲ್ಕು ವರ್ಷ ದಾಟಿದ ಮಕ್ಕಳಿಗೆ ಅನ್ಯಭಾಷೆ ಐಚ್ಛಿಕವಾಯಿತು. ಹದಿನಾರರ ವಯಸ್ಸಿನ ಪರೀಕ್ಷೆಗೆ ಅನ್ಯಭಾಷೆಯೊಂದನ್ನು ತೆಗೆದುಕೊಂಡವರು 2002ರಲ್ಲಿ ನೂರಕ್ಕೆ 76ರಷ್ಟಿದ್ದರು. 2011ರ ವೇಳೆಗೆ ಸುಮಾರು 40ಕ್ಕೆ ಇಳಿದರು. ವಿಶ್ವವಿದ್ಯಾನಿಲಯಕ್ಕೆ ದಾರಿಯಾದ ಎ-ಲೆವೆಲ್ ಪರೀಕ್ಷೆಯಲ್ಲಿ 2023ರಲ್ಲಿ ಜರ್ಮನ್ ಬರೆದವರು ಮೂರು ಸಾವಿರವೂ ಇಲ್ಲ. ಕೆರೆಗೇ ನೀರು ಬಾರದಿದ್ದರೆ ಕಾಲುವೆಯಲ್ಲಿ ಎಲ್ಲಿಂದ ಹರಿಯಬೇಕು? ಹಲವು ವಿಶ್ವವಿದ್ಯಾನಿಲಯಗಳು ಭಾಷಾವಿಭಾಗಗಳನ್ನು ಕುಗ್ಗಿಸಿದವು, ಕೆಲವು ಮುಚ್ಚಿದವು. ಉಳಿದ ಕಡೆ ಅಕ್ಷರಮಾಲೆಯಿಂದಲೇ ಪಾಠ ಹೇಳುವುದುಂಟು. ಆದರೂ ಕಾನೂನು, ಎಂಜಿನಿಯರಿಂಗ್ ಓದುವವರು ಪಾಠದ ಜೊತೆಗೆ ಸ್ಪ್ಯಾನಿಷನ್ನೋ ಜಪಾನಿಯನ್ನೋ ಕಲಿಯುವುದನ್ನು ಮರೆಯಬಾರದು.

ಇನ್ನೊಂದು ಸಂಪತ್ತು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿನ ತರಗತಿಗಳಲ್ಲಿ ಮನೆಯಲ್ಲಿ ಪಂಜಾಬಿ, ಗುಜರಾತಿ, ಬಂಗಾಳಿ, ಪೋಲಿಷ್ ಆಡಿ ಬೆಳೆದವರಿದ್ದಾರೆ. ಅವರೂ ಎರಡು ಭಾಷೆ ಬಲ್ಲವರೇ. ಆದರೆ ಮನೆಯ ಮಾತನ್ನು ವಿದ್ಯೆಯೆಂದು ಎಣಿಸುವವರು ಕಡಿಮೆ. ಎಣಿಸದ ಮಾತು ಒಂದೆರಡು ತಲೆಮಾರಿನಲ್ಲಿ ಮರೆಯಾಗುತ್ತದೆ.

ನಿಮ್ಮ ಮೊಮ್ಮಕ್ಕಳೋ ಬಂಧುಗಳ ಮಕ್ಕಳೋ ಅಲ್ಲಿ ಬೆಳೆಯುತ್ತಿರಬಹುದು. ಫೋನಿನಲ್ಲಿ ಅವರು ಇಂಗ್ಲಿಷಿನಲ್ಲಿ ಆರಂಭಿಸಿದರೂ ನೀವು ಕನ್ನಡದಲ್ಲೇ ಉತ್ತರ ಕೊಡಿ. ಯಾವ ಕಾಲೇಜೂ ಸುಲಭವಾಗಿ ಕೊಡಲಾರದ ಪಾಠ ಅದು.