ಒತ್ತಕ್ಷರದ ಅಳತೆ

(ಶತಮಾನೋತ್ಸವ ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ಸೇರಿದ್ದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಸಂಚಿಕೆಯ ಪುಟಗಳನ್ನು ತಗ್ಗಿಸಿ ವೆಚ್ಚ ಉಳಿಸಬೇಕೆಂಬ ಸಲಹೆ ತಮ್ಮಲ್ಲಿ ಕೆಲವರಿಂದ ಸದುದ್ದೇಶದಿಂದಲೇ ಬಂದಿದೆ. ನೂರು ವರ್ಷಗಳ ವಿದ್ಯಾರ್ಥಿಗಳ ಹೆಸರುಗಳನ್ನು 8 ಪಾಯಿಂಟ್ ಗಾತ್ರದಲ್ಲಿ ಅಚ್ಚು ಹಾಕಿಸಿದರೆ ಹಲವು ಪುಟಗಳು ಉಳಿಯುವುದೂ ನಿಜ. ಆದರೂ ನಾವು ಅದಕ್ಕೆ ಒಪ್ಪಲಿಲ್ಲ. ಒಪ್ಪದಿರಲು ಇರುವ ಕಾರಣವನ್ನು ತಮ್ಮ ಮುಂದಿಡುವುದು ನಮ್ಮ ಕರ್ತವ್ಯ.

ಗಣಕಯಂತ್ರ ತೋರಿಸುವ ಗಾತ್ರದ ಸಂಖ್ಯೆ ನಿಜಕ್ಕೂ ಅಕ್ಷರದ ಎತ್ತರವಲ್ಲ. ಅಂಗುಲವೊಂದಕ್ಕೆ 72 ಪಾಯಿಂಟುಗಳೆಂಬ ಲೆಕ್ಕದಲ್ಲಿ ಆ ಸಂಖ್ಯೆ ಅಳೆಯುವುದು ಅಕ್ಷರವನ್ನು ಕೂರಿಸುವ ಚೌಕಟ್ಟನ್ನು. ಸೀಸದ ಮೊಳೆಗಳ ಕಾಲದಲ್ಲಿ ಅದು ಮೊಳೆಯ ಮೈಯ ಅಳತೆಯಾಗಿತ್ತು. ಚೌಕಟ್ಟಿನಲ್ಲಿ ಅಕ್ಷರ ಎಷ್ಟು ಜಾಗ ಹಿಡಿಯಬೇಕೆಂಬುದು ವಿನ್ಯಾಸಕಾರನಿಗೆ ಬಿಟ್ಟದ್ದು. ಹೀಗಾಗಿ 12 ಪಾಯಿಂಟಿನ ಇಂಗ್ಲಿಷ್, ತಮಿಳು, ಕನ್ನಡ ಅಕ್ಷರಗಳು ಒಂದೇ ಸಾಲಿನಲ್ಲಿ ನಿಂತರೂ ಒಂದೇ ಎತ್ತರಕ್ಕೆ ಕಾಣುವುದಿಲ್ಲ.

ನಮ್ಮ ಮಕ್ಕಳು ಈ ಮೂರು ಲಿಪಿಗಳನ್ನೂ ಓದುತ್ತಾರೆ. ತಮಿಳಿನಲ್ಲಿ ಬಹುಮಟ್ಟಿಗೆ ಒತ್ತಕ್ಷರಗಳಿಲ್ಲ. ವ್ಯಂಜನದ ನೆತ್ತಿಗೆ ಪುಳ್ಳಿಯೊಂದನ್ನಿಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲಿ ಬರೆದರಾಯಿತು. ಕನ್ನಡದಲ್ಲಿ ಎರಡನೆಯ ವ್ಯಂಜನ ಕೆಳಗಿಳಿದು ಕಿರಿದಾಗಿ ಕೂರುತ್ತದೆ. ‘ಶಾಸ್ತ್ರ’, ‘ರಾಷ್ಟ್ರ’ ಎಂಬಲ್ಲಿ ಎರಡೆರಡು ಒತ್ತುಗಳು. ತಮಿಳು ಪುಟಕ್ಕೆ ಒಪ್ಪುವ ಸಾಲಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಮ್ಮೂರಿನ ಎಷ್ಟೋ ಆಮಂತ್ರಣ ಪತ್ರಿಕೆಗಳಲ್ಲಿ ತಾವು ಇದನ್ನು ಕಂಡಿರಬಹುದು.

ನೀಲಗಿರಿಗೂ ಕನ್ನಡದ ಅಚ್ಚುಮೊಳೆಗೂ ಹಳೆಯ ನಂಟಿದೆ. ಬಡಗ ನುಡಿಯಲ್ಲಿ ಮೊದಲು ಅಚ್ಚಾದ ಪುಸ್ತಕ, ಲೂಕನ ಸುವಾರ್ತೆ, 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ ಲಿಪಿಯಲ್ಲಿಯೇ ಹೊರಬಂದಿತು. ಆ ಕಾಲದಲ್ಲಿ ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಮೊಳೆಗಳನ್ನು ಎರಕ ಹೊಯ್ಯಬೇಕಿತ್ತು. ನುರಿತ ಕೆಲಸಗಾರನು ಸಣ್ಣ ಗಾತ್ರದ ಅಕ್ಷರದಲ್ಲಿ ಗೆರೆಯನ್ನು ತುಸು ದಪ್ಪಗೊಳಿಸಿ, ಒಳಗಿನ ಬಯಲನ್ನು ತುಸು ಹಿಗ್ಗಿಸುತ್ತಿದ್ದನು. ಗಣಕಯಂತ್ರವಾದರೋ ಒಂದೇ ಆಕೃತಿಯನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುತ್ತದೆ. ಅಕ್ಷರದೊಡನೆ ಗೆರೆಯೂ ಸೊರಗುತ್ತದೆ.

ಇದನ್ನು ಬಲ್ಲವರು ಗಣಕಯುಗದಲ್ಲಿಯೂ ಇದ್ದಾರೆ. ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚನ್ನು ಕಂಡು ಬೇಸತ್ತ ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರು 1970ರ ದಶಕದ ಕೊನೆಯಲ್ಲಿ ‘ಟೆಕ್’ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ಸೂತ್ರದ ಮೂಲ ಚಿಹ್ನೆ 10 ಪಾಯಿಂಟಿನದಾದರೆ ಘಾತಾಂಕ 7ರದು, ಘಾತಾಂಕದ ಮೇಲಿನ ಘಾತಾಂಕ 5ರದು. ಅಲ್ಲಿನ 5 ಪಾಯಿಂಟಿನ ಅಕ್ಷರ 10ರ ಅರ್ಧವಲ್ಲ; ಆ ಗಾತ್ರಕ್ಕೆಂದೇ ಅಗಲವಾಗಿ, ದಪ್ಪವಾಗಿ ರೂಪುಗೊಂಡದ್ದು. ಗಣಿತದ ಘಾತಾಂಕಕ್ಕೆ ದೊರೆತ ಈ ಗೌರವ ನಮ್ಮ ಒತ್ತಕ್ಷರಕ್ಕೂ ಸಲ್ಲಬೇಕೆಂಬುದು ನಮ್ಮ ಅಭಿಮತ.

ಒತ್ತು ಮೂಲಾಕ್ಷರದ ಅರ್ಧದಷ್ಟಿದೆ ಎಂದುಕೊಳ್ಳೋಣ. 12 ಪಾಯಿಂಟಿನ ಪುಟದಲ್ಲಿ ಓದುಗನ ಕಣ್ಣು 6ರ ಅಕ್ಷರವನ್ನು ಗುರುತಿಸಬೇಕು. 8ಕ್ಕೆ ಇಳಿಸಿದರೆ 4ರದನ್ನು. ಅಷ್ಟರಲ್ಲಿ ಮಹಾಪ್ರಾಣದ ಹೊಟ್ಟೆ ಸೀಳುವ ಪುಟ್ಟ ಗೆರೆ ಉಳಿದೀತೇ? ‘ದನ’ವನ್ನು ‘ಧನ’ದಿಂದ ಬೇರ್ಪಡಿಸುವುದು ಆ ಗೆರೆಯೊಂದೇ. ಅದು ಒತ್ತಿನಲ್ಲಿ ಬಂದಾಗ ಇನ್ನೂ ಕಿರಿದು: ‘ಸಿದ್ದಪ್ಪ’, ‘ಸಿದ್ಧಪ್ಪ’ ಎಂದು ಬರೆದುಕೊಳ್ಳುವವರು ಇಬ್ಬರು ಬೇರೆ ಬೇರೆ ಮನುಷ್ಯರು. ನಮ್ಮ ಸೀಮೆಯ ಹೆಸರುಗಳನ್ನು ನೋಡಿರಿ: ಬೆಳ್ಳಿ, ಬೊಮ್ಮ, ಮಲ್ಲಿ, ಚಿಕ್ಕಮ್ಮ. ಒತ್ತಿಲ್ಲದ ಹೆಸರನ್ನು ಹುಡುಕಬೇಕು. ಕಥೆ ಕವನಗಳಲ್ಲಿ ಅಕ್ಷರ ಮಸುಕಾದರೆ ಓದುಗನು ಸಂದರ್ಭದಿಂದ ಊಹಿಸಿಕೊಂಡಾನು. ಹೆಸರಿನ ಪಟ್ಟಿಯಲ್ಲಿ ಊಹೆಗೆ ಯಾವ ಆಸರೆಯೂ ಇಲ್ಲ.

ತಮಿಳು ಫಲಕಗಳ ನಡುವೆ ಬಾಳುವ ನಮ್ಮೂರಿನಲ್ಲಿ ಅಚ್ಚಾದ ಕನ್ನಡ ಕಣ್ಣಿಗೆ ಬೀಳುವುದೇ ವಿರಳ. ಕೆಲವು ಮನೆಗಳಲ್ಲಿ ಪಠ್ಯಪುಸ್ತಕದ ಹೊರಗೆ ಉಳಿಯುವ ಒಂದೇ ಕನ್ನಡ ಪುಸ್ತಕ ಈ ಸಂಚಿಕೆಯಾಗಬಹುದು. ಅದನ್ನು ಮೊದಲು ತೆರೆಯುವವರು ಕಣ್ಣು ಮಂಜಾದ ಅಜ್ಜ ಅಜ್ಜಿಯರು. ಅವರು ಮೊದಲು ಹುಡುಕುವುದು ತಮ್ಮ ಹೆಸರನ್ನು.

ಆದುದರಿಂದ ಲೇಖನಗಳಿಗೆ 14 ಪಾಯಿಂಟ್, ಸಾಲಿನಿಂದ ಸಾಲಿಗೆ 21. ಹೆಸರುಗಳಿಗೆ 12, ಸಾಲಿನಿಂದ ಸಾಲಿಗೆ 18 ಎಂದು ನಿಶ್ಚಯಿಸಿದ್ದೇವೆ. ಹೆಚ್ಚಾದ ಪುಟಗಳನ್ನು ಸರಿದೂಗಿಸಲು ಶುಭಸಂದೇಶಗಳನ್ನು ತಲಾ ಅರ್ಧ ಪುಟಕ್ಕೆ ಇಳಿಸಿದ್ದೇವೆ. ಸಂದೇಶ ಕಳುಹಿಸಿದ ಗಣ್ಯರು ಮನ್ನಿಸುವರೆಂದು ನಂಬಿದ್ದೇವೆ. ಅವರ ಭಾವಚಿತ್ರಗಳನ್ನು ಕುಗ್ಗಿಸಿದರೂ ಗುರುತು ಸಿಗುತ್ತದೆ.

ಹೆಸರುಗಳ ಕರಡಚ್ಚು ಗ್ರಂಥಾಲಯದ ಮೇಜಿನ ಮೇಲಿದೆ. ತಮ್ಮ ಮನೆಯ ಹಿರಿಯರನ್ನು ಕರೆತನ್ನಿ. ಅವರವರ ಹೆಸರನ್ನು ಅವರವರೇ ಓದಿ ನೋಡಲಿ. ಒತ್ತು ತಪ್ಪಿದ್ದರೂ ಕಾಣದಿದ್ದರೂ ಪಕ್ಕದಲ್ಲಿ ಗುರುತು ಹಾಕಿರಿ. ಪೆನ್ಸಿಲನ್ನೂ ಅಲ್ಲಿಯೇ ಇರಿಸಿದ್ದೇವೆ.