ಒಂದನೆಯ ಇಯತ್ತೆಯ ಮೊದಲ ನಾಲ್ಕು ವಾರಗಳು

(ಮುಂಬಯಿಯ ಕನ್ನಡ ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂಬ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಅದು ಎಲ್ಲಿ ಉಳಿಯುತ್ತದೆ ಎಂಬಲ್ಲಿ ಮಾತ್ರ ಉತ್ತರಗಳು ಬೇರೆಯಾಗುತ್ತವೆ. ವೇದಿಕೆಯಲ್ಲಿ ಎಂದು ಕೆಲವರು, ಪತ್ರಿಕೆಯಲ್ಲಿ ಎಂದು ಕೆಲವರು ಹೇಳುತ್ತಾರೆ. ಜೂನ್ ಮಧ್ಯದಲ್ಲಿ ಶಾಲೆಯ ಬಾಗಿಲು ತೆರೆದ ಮೇಲಿನ ನಾಲ್ಕು ವಾರಗಳಲ್ಲಿ, ಒಂದನೆಯ ಇಯತ್ತೆಯ ಕೋಣೆಯಲ್ಲಿ ಎಂಬುದು ನನ್ನ ಉತ್ತರ.

ಕಾಗದದ ಮೇಲೆ ನಮಗೆ ಆಧಾರಗಳಿವೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವಿರಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದೆಡೆಯೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಪರವಾಗಿಯೇ ಇದೆ. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳ ಭಾಷಾ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಆದರೆ ಯಾವ ತಾಯಿಯೂ ವಿಧಿಯ ಸಂಖ್ಯೆ ನೋಡಿ ಮಗುವನ್ನು ಕಳಿಸುವುದಿಲ್ಲ. ಮಗು ಸಂಜೆ ನಗುತ್ತ ಬಂದಿತೇ, ನಾಲ್ಕು ಅಕ್ಷರ ಕಲಿಯಿತೇ ಎಂದು ನೋಡುತ್ತಾಳೆ. ಇಲ್ಲವಾದರೆ ಮರುವರ್ಷ ಬೇರೆ ಮಾಧ್ಯಮಕ್ಕೆ ಸೇರಿಸುತ್ತಾಳೆ. ಹೀಗೆ ಒಂದೊಂದೇ ಮಗು ಹೊರಟುಹೋಗಿ ವರ್ಗಗಳು ಬರಿದಾಗುತ್ತವೆ. ಆದ್ದರಿಂದ ಇಂದು ತತ್ತ್ವವನ್ನು ಬದಿಗಿಟ್ಟು ನಾಳೆ ಬೆಳಿಗ್ಗೆ ವರ್ಗದಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಮಗುವಿನ ಮಾತನ್ನು ಅರಿಯುವುದು. ನಮ್ಮ ವರ್ಗದಲ್ಲಿ ಕಲಬುರ್ಗಿ, ವಿಜಯಪುರದ ಕಡೆಯಿಂದ ದುಡಿಮೆಗೆ ಬಂದವರ ಮಕ್ಕಳಿರಬಹುದು. ತುಳು, ಕೊಂಕಣಿ ಮನೆಮಾತಿನವರಿರಬಹುದು. ಓಣಿಯಲ್ಲಿ ಹಿಂದಿ, ಮರಾಠಿ ಆಡಿ ಬೆಳೆದವರಂತೂ ಇದ್ದೇ ಇರುತ್ತಾರೆ. ಹಾಜರಿ ಪುಸ್ತಕದ ಜೊತೆಗೆ ಒಂದು ಸಣ್ಣ ವಹಿ ಇಡಿ. ಮನೆಯ ಮಾತು ಯಾವುದು, ಊರು ಯಾವುದು, ಸಂಜೆ ಮಗುವಿನ ಜೊತೆ ಕೂರುವವರು ಯಾರು ಎಂಬ ಮೂರೇ ಸಂಗತಿ ಸಾಕು. ‘ಸಾಲಿಗೆ ಬಂದೀನ್ರಿ’ ಎಂದ ಮಗುವನ್ನು ಮೊದಲ ದಿನವೇ ತಿದ್ದಬೇಡಿ. ಅದು ಆಡಿದ್ದು ಕನ್ನಡವೇ. ಪುಸ್ತಕದ ಕನ್ನಡ ಆಮೇಲೆ ಬರಲಿ. ಮಾತು ನಿಂತುಹೋದ ಮಗುವಿಗೆ ಓದು ಬರುವುದು ಕಷ್ಟ.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಬೆಕ್ಕಿನ ಚಿತ್ರ ಬರೆಯಿರಿ. ಕನ್ನಡದ ‘ಬೆಕ್ಕು’, ತುಳುವಿನ ‘ಪುಚ್ಚೆ’, ಮರಾಠಿಯ ‘ಮಾಂಜರ’ ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ದಿನಕ್ಕೊಂದು ಚಿತ್ರ ಸಾಕು. ತನ್ನ ಮನೆಯ ಪದ ಗೋಡೆಯ ಮೇಲೆ ಕಂಡ ಮಗು ತಾನೂ ಈ ಕೋಣೆಗೆ ಸೇರಿದವನೆಂದು ತಿಳಿಯುತ್ತದೆ.

ಎರಡನೆಯದು, ಹೆಸರಿನ ಪಟ್ಟಿ. ಪ್ರತಿ ಮಗುವಿನ ಹೆಸರನ್ನು ರಟ್ಟಿನ ತುಂಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಮೇಜಿನ ಮೇಲೆ ಹರಡಿ. ಬೆಳಿಗ್ಗೆ ಬಂದ ಮಗು ತನ್ನ ಹೆಸರನ್ನು ತಾನೇ ಹುಡುಕಿ ಡಬ್ಬಿಗೆ ಹಾಕಲಿ. ಉಳಿದ ಪಟ್ಟಿಗಳೇ ಅಂದಿನ ಗೈರುಹಾಜರಿ. ಎರಡು ವಾರಗಳಲ್ಲಿ ಮಕ್ಕಳು ಗೆಳೆಯರ ಹೆಸರನ್ನೂ ಗುರುತಿಸತೊಡಗುತ್ತಾರೆ.

ಮೂರನೆಯದು, ಅಕ್ಷರದ ಕ್ರಮ. ನಲವತ್ತೊಂಬತ್ತು ಅಕ್ಷರಗಳನ್ನು ಸಾಲಾಗಿ ತಿದ್ದಿಸಿ ಮುಗಿಸುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ. ಮಗು ಒಂದು ಪದವನ್ನೂ ಓದಿರುವುದಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಆರಂಭಿಸಿ ನೋಡಿ. ಸರ, ದರ, ಅರಸ, ಅಗಸ, ಗರಗಸ ಇಷ್ಟೂ ಕೈಗೆ ಬರುತ್ತವೆ. ಜ, ವ, ಮ, ಬ, ನ ಸೇರಿಸಿದರೆ ಮರ, ಜನ, ನಗರ, ಬಸವ ಎಲ್ಲವೂ ಓದಿಗೆ ಸಿಗುತ್ತವೆ. ವರ್ಣಮಾಲೆಯನ್ನು ಹಾಡಿನಂತೆ ಬಾಯಿಪಾಠ ಮಾಡಿಸುವುದು ಇದರ ಜೊತೆಗೇ ನಡೆಯಲಿ.

ಇಲ್ಲಿ ಹೊರನಾಡಿಗೇ ವಿಶೇಷವಾದ ಒಂದು ತೊಡಕಿದೆ. ಮಹಾರಾಷ್ಟ್ರದಲ್ಲಿ 2020ರ ಕಾಯಿದೆಯಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದು ಒಳ್ಳೆಯದೇ, ನೆಲದ ಭಾಷೆ ನಮ್ಮ ಮಕ್ಕಳಿಗೆ ಬೇಕು. ಆದರೆ ಮರಾಠಿ, ಹಿಂದಿಗಳ ಬರಹದಲ್ಲಿ ಹ್ರಸ್ವ ಎ, ಒ ಮತ್ತು ದೀರ್ಘ ಏ, ಓಗಳ ಭೇದವಿಲ್ಲ. ಆದುದರಿಂದ ಮಗು ‘ಬೆಳೆ’ಗೂ ‘ಬೇಳೆ’ಗೂ ಒಂದೇ ರೀತಿ ಬರೆಯುತ್ತದೆ. ಅದು ಅಜಾಗ್ರತೆಯಲ್ಲ, ಎರಡು ಲಿಪಿಗಳ ನಡುವಿನ ಎಡವು. ಒಲೆ–ಓಲೆ, ಕೊಡು–ಕೋಡು ಇಂಥ ಜೋಡಿಗಳನ್ನು ಹೇಳಿ, ದೀರ್ಘ ಕೇಳಿದಾಗ ಕೈ ಚಾಚುವ ಆಟ ಆಡಿಸಿ. ಕಿವಿ ಹಿಡಿದದ್ದನ್ನು ಕೈ ಬರೆಯುತ್ತದೆ.

ನಾಲ್ಕನೆಯದು, ಓದಿಗೆ ಮಗುವಿನ ಊರನ್ನೇ ಬಳಸುವುದು. ದಾದರ್, ಮಾಟುಂಗಾ, ಸಾಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್ ಎಂಬ ನಿಲ್ದಾಣಗಳನ್ನು ಮಗು ಲೋಕಲ್ ಗಾಡಿಯಲ್ಲಿ ಕೇಳಿರುತ್ತದೆ. ಇವನ್ನು ಕನ್ನಡದಲ್ಲಿ ಬರೆದು ಕಲಸಿ ಕೊಡಿ. ಕ್ರಮವಾಗಿ ನೆಲದ ಮೇಲೆ ಜೋಡಿಸಲಿ. ಎರಡನೆಯ ಇಯತ್ತೆಯವರು ದಾದರಿನಿಂದ ಕುರ್ಲಾ ಎಷ್ಟನೆಯ ನಿಲ್ದಾಣ ಎಂದು ಎಣಿಸಲಿ. ಭಾಷೆಯೂ ಗಣಿತವೂ ಒಂದೇ ತಾಸಿನಲ್ಲಿ ಆಗುತ್ತವೆ, ಖರ್ಚು ರಟ್ಟಿನದು ಮಾತ್ರ.

ಐದನೆಯದು, ಒಬ್ಬರೇ ಎರಡು ಇಯತ್ತೆಗಳನ್ನು ನೋಡಿಕೊಳ್ಳಬೇಕಾದ ಶಿಕ್ಷಕರಿಗಾಗಿ. ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಇಂಥ ವರ್ಗಗಳಿಗೆ ದಾರಿ ತೋರಿಸಿದೆ. ಮಕ್ಕಳು ಗುಂಪುಗಳಲ್ಲಿ ಕೂತು ತಮ್ಮ ತಮ್ಮ ಮೆಟ್ಟಿಲಿನ ಕಾರ್ಡು ಹಿಡಿದು ಕಲಿಯುತ್ತಾರೆ. ಅಷ್ಟು ಸಿದ್ಧತೆ ಆಗದಿದ್ದರೂ ಇಷ್ಟು ಮಾಡಬಹುದು: ಇಪ್ಪತ್ತು ನಿಮಿಷ ಚಿಕ್ಕವರೊಡನೆ ನೀವು, ಆಗ ದೊಡ್ಡವರಿಗೆ ಬರವಣಿಗೆ, ಮುಂದಿನ ಇಪ್ಪತ್ತು ನಿಮಿಷ ದೊಡ್ಡವರೊಡನೆ ನೀವು, ಆಗ ಚಿಕ್ಕವರಿಗೆ ಚಿತ್ರ, ಕಾರ್ಡು, ಕೊನೆಯ ಹತ್ತು ನಿಮಿಷ ಎಲ್ಲರಿಗೂ ಒಂದು ಕಥೆ.

ಇನ್ನೊಂದು ಮಾತು. ಜಾತ್ರೆಗೋ ಸುಗ್ಗಿಗೋ ಊರಿಗೆ ಹೋದ ಮಗು ತಿಂಗಳ ಮೇಲೆ ಮರಳಬಹುದು. ಪ್ರತಿ ಮಗುವಿನ ಬರಹ, ಚಿತ್ರಗಳ ಒಂದು ಕಟ್ಟು ಇಟ್ಟಿದ್ದರೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಸಬಹುದು. ಪಾಲಕರ ಸಭೆಯನ್ನು ಅವರ ಬಿಡುವಿನ ವೇಳೆಗೆ ಕರೆಯಿರಿ. ದಿನಗೂಲಿ ಬಿಟ್ಟು ಬರಲಾರದವರನ್ನು ಅಸಡ್ಡೆಯವರೆಂದು ತಿಳಿಯುವುದು ನ್ಯಾಯವಲ್ಲ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಅರಿಕೆ. ನವೆಂಬರಿನ ರಾಜ್ಯೋತ್ಸವಕ್ಕೆ ನಾವು ಕೈಬಿಚ್ಚಿ ಖರ್ಚು ಮಾಡುತ್ತೇವೆ. ಅದರ ಒಂದು ಪಾಲನ್ನು ಜೂನ್ ತಿಂಗಳಿಗೆ ತೆಗೆದಿಡೋಣ. ಪ್ರತಿ ಒಂದನೆಯ ಇಯತ್ತೆಗೂ ರಟ್ಟು, ಬಣ್ಣ, ಇಪ್ಪತ್ತು ಕಥೆಪುಸ್ತಕ, ಶನಿವಾರ ಬಂದು ಕಥೆ ಹೇಳುವ ಒಬ್ಬ ಸದಸ್ಯ, ಇಷ್ಟು ಕೊಟ್ಟರೆ ಸಾಕು. ಮೂರನೆಯ ಇಯತ್ತೆ ಮುಟ್ಟುವ ಹೊತ್ತಿಗೆ ಮಗು ಒಂದು ಪುಟವನ್ನು ತಡವರಿಸದೆ ಓದಿದರೆ, ಪಕ್ಕದ ಮನೆಯ ತಾಯಿಯೂ ತನ್ನ ಮಗುವನ್ನು ಕರೆತರುತ್ತಾಳೆ. ಶಾಲೆ ಉಳಿಸಿರೆಂಬ ಠರಾವುಗಳಿಗೆ ಬಲ ಬರುವುದೂ ಆಗಲೇ.